ಕುಂದ್ರಿ ಅಂದವಳು ನಾನು

ಡಾಕ್ಟರು ಹಾಗೆ ಹೇಳಿರಲಿಲ್ಲ. ಹೇಳಿದವಳು ನಾನು.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಬೇಕಾಯಿತು. ನನ್ನ ಅತ್ತೆ ಈರಮ್ಮನವರಿಗೆ — ಅವರು ತೀರಿಕೊಂಡು ಬಹಳ ಕಾಲವಾಯಿತು — ಡಾಕ್ಟರು ನಡೆಯಬೇಡಿ ಅಂದಿದ್ದರು, ಅದಕ್ಕೇ ಅವರು ಕುರ್ಚಿ ಹಿಡಿದರು, ಆಮೇಲೆ ಹಾಸಿಗೆ... ಇಲ್ಲ, ಹೀಗೆ ಶುರು ಮಾಡಿದರೆ ಮತ್ತೆ ಅದೇ ಹಳೆಯ ಜಾಡಿಗೆ ಬೀಳುತ್ತೇನೆ. ಅದು ನಮ್ಮ ಬಳಗದಲ್ಲಿ ಎಲ್ಲರೂ ನಂಬಿಕೊಂಡು ಬಂದ ಕತೆ. ನಿಜ ಏನೆಂದರೆ, ಡಾಕ್ಟರು ಅವರನ್ನು ನಡೆಸಿ ಅಂದಿದ್ದರು. ಆ ಮಾತನ್ನು ತಿರುವಿ ಹಾಕಿ ನಡೆಯಬೇಡಿ ಅಂತ ಹೇಳಿದವಳು ನಾನು. ಓಡಾಡಿಕೊಂಡಿದ್ದ ಹೆಂಗಸನ್ನು ನಾನು ಕೂರಿಸಿದೆ. ಕೂತವರು ಮತ್ತೆ ಏಳಲಿಲ್ಲ.

ದಣಿವಾಗಿದೆ ನನಗೆ. ಮೈಯ ದಣಿವಲ್ಲ, ಮೈ ಇನ್ನೂ ಗಟ್ಟಿಯಾಗಿದೆ. ಆ ಗಟ್ಟಿತನವೇ ಈಗ ಚುಚ್ಚುತ್ತದೆ. ಯಾಕೆಂದು ಮುಂದೆ ಹೇಳುತ್ತೇನೆ.

ಅತ್ತೆ ಬಾದನಹಟ್ಟಿಯವರು. ಮಾವ ಹೋದ ಮೇಲೆ ಬಳ್ಳಾರಿಗೆ, ಗಾಂಧಿನಗರದ ನಮ್ಮ ಮನೆಗೆ ಬಂದರು. ನಾನಾಗ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ನಮ್ಮ ಯಜಮಾನರು ಕಚೇರಿಯೊಂದರಲ್ಲಿ ಗುಮಾಸ್ತರು. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರವಿ ಪಳಗಿದ ಮೈ ಅವರದು. ಊರು ಬಿಟ್ಟು ಬಂದರೂ ಆ ಮೈಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಬಿಸಿಲು ಏರುವ ಮೊದಲೇ ಎದ್ದು ಗೇಟಿನ ಮುಂದೆ ಕಸ ಹೊಡೆದು, ನೀರು ಚಿಮುಕಿಸಿ, ಕುಕ್ಕರಗಾಲಲ್ಲಿ ಕೂತು ರಂಗೋಲಿ ಹಾಕುತ್ತಿದ್ದರು. ನಮ್ಮ ಮನೆಯ ಮುಂದಿನ ಜಾಗ ಅವರ ಪೊರಕೆಗೆ ಯಾವ ಮೂಲೆಗೆ? ಪಕ್ಕದ ಮನೆಯ ಮುಂದೆ, ಅದರಾಚೆಯ ಮನೆಯ ಮುಂದೆ, ಹಾಗೇ ಓಣಿಯ ತಿರುವಿನ ತನಕ ಗುಡಿಸುತ್ತ ಹೋಗುವರು. ತಿರುವಿನಲ್ಲಿ ಒಬ್ಬಾಕೆ ಹೂವು ಮಾರುತ್ತಿದ್ದಳು. ಪೊರಕೆ ಬದಿಗಿಟ್ಟು ಆಕೆಯ ಜೊತೆ ತೆಲುಗಿನಲ್ಲಿ ಹರಟೆ. ಮನೆಗೆ ಬಂದು ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು.

ಊಟದಲ್ಲೂ ಅವರದೊಂದು ರೀತಿ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಹೊಟ್ಟೆಯಲ್ಲಿ ಇನ್ನೂ ಜಾಗವಿರುವಾಗಲೇ ಕೈ ತೊಳೆಯುತ್ತಿದ್ದರು. ಇನ್ನೊಂದು ಹಾಕಿಸಿಕೊಳ್ಳಿ ಅಂದರೆ, "ಹೊಟ್ಟಿ ಏನ್ ಕಣಜ ಏನಮ್ಮ, ತುಂಬಿಸಿ ಇಡಾಕ?" ಅನ್ನುವರು. ರಾತ್ರಿಯ ಊಟವೆಂಬುದೇ ಅವರಿಗಿರಲಿಲ್ಲ, ದೀಪ ಹಚ್ಚುವ ಹೊತ್ತಿಗೆ ಉಂಡು ಮುಗಿದಿರುತ್ತಿತ್ತು. ಮಲಗುವ ಮುಂಚೆ ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ದಿನದ ಸುದ್ದಿಯೆಲ್ಲ ಒಪ್ಪಿಸುವರು, ನಾವು ಕೇಳಿದರೂ ಸರಿ, ಕೇಳದಿದ್ದರೂ ಸರಿ.

ಅವರನ್ನು ದೇವತೆ ಮಾಡಿ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಬಾಯಿ ಬಹಳ. ನಾನು ಮಾಡಿದ ರೊಟ್ಟಿ ಎತ್ತಿ ಹಿಡಿದು, "ನಮ್ ಟೀಚರಮ್ಮ ರೊಟ್ಟಿ ಬಡದ್ರ ನಕಾಶಿ ಬರ್ದಂಗ ಇರ್ತಾವ ನೋಡ್ರಿ, ಇದು ಆಂಧ್ರ, ಇದು ಕರ್ನಾಟಕ" ಅಂತ ಬಂದವರಿಗೆಲ್ಲ ತೋರಿಸುವರು. ಹೂವಿನವಳಿಗೆ ಹೇಳಿದ್ದು ಓಣಿಗೆಲ್ಲ ಗೊತ್ತಾಗುತ್ತಿತ್ತು. ನಾನು ರಜೆಯ ದಿನ ತಡವಾಗಿ ಏಳುವುದು, ನನ್ನ ತವರಿನಿಂದ ಬಂದ ಉಪ್ಪಿನಕಾಯಿ ಬೂಸಲು ಹಿಡಿದದ್ದು — ಎಲ್ಲವೂ. ನಾನು ಮರ್ಯಾದೆಗೆ ಅಂಜುವವಳು. ಗಾಂಧಿನಗರದಲ್ಲಿ ಮನೆ ಮಾಡಿದ್ದೇ ಆ ಮರ್ಯಾದೆಗೆ.

ಒಂದು ಸಂಜೆ ಶಾಲೆಯಿಂದ ಬಂದೆ. ಎದುರು ಮನೆಗೆ ಹೊಸದಾಗಿ ಬಂದ ಸಾಹೇಬರ ಹೆಂಡತಿ ಗೇಟಿನ ಹತ್ತಿರ ನಿಂತಿದ್ದರು. ಅತ್ತೆ ಸೀರೆ ಎತ್ತಿ ಕಟ್ಟಿ, ಬಿದ್ದ ಎಲೆ ಗುಡಿಸುತ್ತಿದ್ದರು.

"ಟೀಚರ್‌ರೀ, ನಿಮ್ ಕೆಲಸದಾಕಿ ಭಾಳ ಚೊಕ್ಕ ಮಾಡ್ತಾಳ್ರಿ. ನಮ್ ಮನಿಗೂ ಕಳಿಸ್ತೀರೇನು?"

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಕ್ಕುಬಿಟ್ಟರು. "ಬರ್ತೀನಿ ಬಿಡಮ್ಮ, ಎರಡು ರೊಟ್ಟಿ ಹಾಕಿದ್ರ ಸಾಕು!"

ಇವರು ನಮ್ಮ ಅತ್ತೆ — ಇಷ್ಟೇ ಹೇಳಬೇಕಿತ್ತು ನಾನು. ಅವರೂ ನಗುತ್ತಿದ್ದರು, ಸಾಹೇಬರ ಹೆಂಡತಿಯೂ ನಕ್ಕು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ನಾನು ಅನ್ನಲಿಲ್ಲ. "ನೋಡೋಣ್ರಿ" ಅಂತ ಒಳಗೆ ಬಂದುಬಿಟ್ಟೆ. ಮುಖ ಉರಿಯುತ್ತಿತ್ತು. ಅತ್ತೆಗೆ ಅದು ಕೇಳಿಸಿತೋ ಇಲ್ಲವೋ — ಕೇಳಿಸಿರಬೇಕು, ಕಿವಿ ಚುರುಕಾಗಿತ್ತು. ಅವರು ಆ ವಿಷಯ ಎತ್ತಲಿಲ್ಲ.

ಆ ದಿನಗಳಲ್ಲೇ ಅವರಿಗೆ ಒಂದು ಮಂಡಿ ಸ್ವಲ್ಪ ನೋಯತೊಡಗಿತು. ಯಜಮಾನರಿಗೆ ರಜೆ ಸಿಗದೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸಿನ ಡಾಕ್ಟರು, ಹೊರಗಿನವರು, ಕನ್ನಡ ತಡವರಿಸುತ್ತಿತ್ತು. ಮಂಡಿ ಮಡಚಿ, ಚಾಚಿ, ನಡೆಸಿ ನೋಡಿದರು. ಆಮೇಲೆ ಅತ್ತೆಯನ್ನು ಹೊರಗೆ ಕೂರಲು ಹೇಳಿ ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡಿದರು. ವಯಸ್ಸಿಗೆ ಇಷ್ಟು ಸವೆತ ಸಹಜ, ಹೆದರಬೇಕಾದ್ದೇನಿಲ್ಲ. ಭಾರ ಎತ್ತುವುದು ಬೇಡ. ಆದರೆ ದಿನಾ ನಡೆಯಲಿ, ಮನೆಗೆಲಸ ಮಾಡಲಿ, ನಾಲ್ಕು ಜನರ ಹತ್ತಿರ ಮಾತಾಡಲಿ. ಕೂತುಬಿಡಲು ಮಾತ್ರ ಬಿಡಬೇಡಿ, ಈ ವಯಸ್ಸಿನಲ್ಲಿ ಒಮ್ಮೆ ಕೂತರೆ ಮತ್ತೆ ಎಬ್ಬಿಸುವುದು ಕಷ್ಟ. ನಾನು ತಲೆಯಾಡಿಸಿದೆ. ವಿಜ್ಞಾನದ ಟೀಚರು ನಾನು, ಒಂದೊಂದು ಮಾತೂ ಅರ್ಥವಾಗಿತ್ತು.

ಹೊರಗೆ ಮೆಟ್ಟಿಲ ಬಳಿ ಅತ್ತೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ತಲೆ ಎತ್ತಿ ಕೇಳಿದರು, "ಏನಂದ್ರಮ್ಮ ಡಾಕ್ಟ್ರು?"

ಮೊದಲೇ ಯೋಚಿಸಿ ಇಟ್ಟುಕೊಂಡಿದ್ದೆನೇ? ಇಷ್ಟು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಇರಲಿಲ್ಲ ಅನ್ನಿಸುತ್ತದೆ. ಆದರೆ ಬಾಯಿ ತಡವರಿಸಲೂ ಇಲ್ಲ.

"ನಡೀಬ್ಯಾಡ್ರಿ ಅಂದಾರ ಅತ್ತಿ. ಬಗ್ಗಬಾರ್ದಂತ, ಕಸ ಹೊಡೀಬಾರ್ದಂತ. ಆರಾಮ್ ಕುಂದ್ರಬೇಕಂತ."

"ಎಷ್ಟ್ ದಿನ?"

"ಇನ್ಮ್ಯಾಲೆ ಹಂಗ ರೀ."

ಅವರು ತಮ್ಮ ಕಾಲನ್ನೇ ನೋಡಿಕೊಂಡರು. ಆಮೇಲೆ, "ಆತು ಬಿಡು. ಓದಿದೋರು ಸುಳ್ಳ್ಯಾಕ ಹೇಳ್ತಾರ" ಅಂದರು. ಆಟೋ ಹತ್ತುವಾಗ ನನ್ನ ಭುಜ ಹಿಡಿದರು. ಅಲ್ಲಿಯ ತನಕ ಯಾವತ್ತೂ ಹಿಡಿದವರಲ್ಲ.

ನಮ್ಮ ಕಡೆ ಯಾರೇ ಹೊಸ್ತಿಲು ದಾಟಿ ಬರಲಿ, ಮೊದಲ ಮಾತು "ಬರ್ರಿ, ಕುಂದ್ರಿ." ಶತ್ರುವಿಗೂ ಅಷ್ಟು ಹೇಳುತ್ತೇವೆ. ಹಿರಿಯರಿಗೆ ಮಾಡುವ ದೊಡ್ಡ ಮರ್ಯಾದೆಯೆಂದರೂ ಅದೇ — ನೀವು ದುಡಿದದ್ದು ಸಾಕು, ಕುಂದ್ರಿ. ಆ ಮಾತನ್ನೇ ನಾನು ಬಳಸಿಕೊಂಡೆ. ಜಗಳವಾಡಿ ಪೊರಕೆ ಕಸಿದಿದ್ದರೆ ಅತ್ತೆ ಬಿಡುತ್ತಿರಲಿಲ್ಲ, ಓಣಿ ಒಂದು ಮಾಡುತ್ತಿದ್ದರು. ಮರ್ಯಾದೆಗೆ ಎದುರಾಡುವುದು ಹೇಗೆ? ಅವರು ಎದ್ದರೆ "ಕುಂದ್ರಿ ಅತ್ತಿ." ಪೊರಕೆಯ ಕಡೆ ನೋಡಿದರೆ "ಕುಂದ್ರಿ, ನಾ ಮಾಡ್ತೀನಿ." ನೀರು ತೆಗೆದುಕೊಳ್ಳಲು ಹೋದರೆ ಯಜಮಾನರೇ ಓಡಿ ಬಂದು, "ಅಮ್ಮಾ, ಕುಂದ್ರು, ಡಾಕ್ಟ್ರು ಏನ್ ಹೇಳ್ಯಾರ?" ಪಾಪ, ಅವರಿಗೇನು ಗೊತ್ತು. ತೋಳಿರುವ ಒಳ್ಳೆಯ ಕುರ್ಚಿ ತಂದು ನಡುಮನೆಯಲ್ಲಿ ಹಾಕಿದರು. ಹೆಂಡತಿ ತಾಯಿಯನ್ನು ಎಷ್ಟು ಜೋಪಾನ ಮಾಡುತ್ತಾಳೆ ಅಂತ ಅವರಿಗೆ ನನ್ನ ಮೇಲೆ ಹೊಸ ಪ್ರೀತಿ ಬಂದಿತ್ತು. ಆ ಪ್ರೀತಿಯನ್ನು ನಾನು ಬೇಡ ಅನ್ನಲಿಲ್ಲ.

ಸಿರುಗುಪ್ಪದಿಂದ ನಾದಿನಿ ಗೌರಿ ಬಂದಳು, ಅತ್ತೆಯ ಒಬ್ಬಳೇ ಮಗಳು. ಅಮ್ಮ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುವುದನ್ನು ನೋಡಿ ಅವಳ ಕಣ್ಣಲ್ಲಿ ನೀರು. "ಹುಟ್ಟಿದಾಗಿಂದ ಅಮ್ಮ ಕುಂತಿದ್ದು ನೋಡಿದ್ದಿಲ್ಲ ಅತ್ತಿಗಿ. ನೀವು ಕುಂದ್ರಿಸಿದ್ರಿ" ಅಂತ ನನ್ನ ಕೈ ಹಿಡಿದುಕೊಂಡಳು.

ಹೌದು. ನಾನು ಕೂರಿಸಿದೆ.

ಮೊದಲು ಹೋದದ್ದು ನೆಲ. ಕುರ್ಚಿಗೆ ಒಗ್ಗಿದ ಮೇಲೆ ನೆಲದ ಮೇಲೆ ಕೂತರೆ ಏಳಲಾಗದೆ ಹೋಯಿತು. ಆಮೇಲೆ ಹಸಿವು ಹೋಯಿತು. ಕೂತ ಕಡೆಯೇ ತಟ್ಟೆ ಬಂದರೆ ಹಸಿವು ಎಲ್ಲಿಂದ ಬರಬೇಕು. ಹಸಿವಿಲ್ಲದಿದ್ದರೂ ನಾವು ಬಲವಂತ ಮಾಡಿ ಹಾಕಿದೆವು, ಅವರೂ ಬೇರೆ ಕೆಲಸವಿಲ್ಲದ್ದಕ್ಕೆ ತಿಂದರು, ಮೈ ಊದಿತು. ಹಗಲೆಲ್ಲ ತೂಕಡಿಸಿ ರಾತ್ರಿ ನಿದ್ದೆ ಹೋಯಿತು. ಹೂವಿನವಳು ಕೆಲವು ದಿನ ಗೇಟಿನ ತನಕ ಬಂದು ವಿಚಾರಿಸಿದಳು. ಮಲಗಿದ್ದಾರೆ ಅಂತ ನಾನೇ ಕಳಿಸಿದೆ. ಮಾತಿಗೆ ಜನವಿಲ್ಲದೆ ಮಾತೂ ಕಡಿಮೆಯಾಯಿತು. ಮನೆಯ ಗುಟ್ಟು ಈಗ ಓಣಿಗೆ ಹೋಗುತ್ತಿರಲಿಲ್ಲ. ನನಗೆ ಬೇಕಾದದ್ದು ಅದೇ ಅಲ್ಲವೇ? ಆದರೂ ಮನೆಯ ಆ ಮೌನ ನನಗೂ ಸಹಿಸಲಾಗಲಿಲ್ಲ.

ಒಂದು ಮಧ್ಯಾಹ್ನ ಹೆದರಿಕೆಯಾಯಿತು. ಬಚ್ಚಲಿಗೆ ಹೋಗುವಾಗ ಅವರ ಕಾಲು ನಡುಗುವುದನ್ನು ನೋಡಿದೆ. ಪಾದ ಎಲ್ಲಿಡಬೇಕೆಂದು ಹುಡುಕುತ್ತಿರುವ ಹಾಗಿತ್ತು. "ಅತ್ತಿ, ನಾಳೆಯಿಂದ ಸ್ವಲ್ಪ ಸ್ವಲ್ಪ ಅಡ್ಡಾಡೋಣ್ರಿ, ನಾ ಹಿಡ್ಕೊಳ್ತೀನಿ" ಅಂದೆ.

ಅವರು ನನ್ನನ್ನು ಆಶ್ಚರ್ಯದಿಂದ ನೋಡಿದರು. "ಡಾಕ್ಟ್ರು ಬ್ಯಾಡಂದಾರಲ್ಲಮ್ಮ?"

ಯಜಮಾನರು ಅಲ್ಲೇ ಪೇಪರು ಓದುತ್ತಿದ್ದರು. ಅವರೂ ತಲೆಯೆತ್ತಿದರು. ಆಗ ಹೇಳಬಹುದಿತ್ತು. ಕಾಲಿಗೆ ಇನ್ನೂ ಜೀವವಿತ್ತು, ಎಬ್ಬಿಸಬಹುದಿತ್ತು. ಸುಳ್ಳು ಹೇಳಿದ್ದು ಒಂದು ತಪ್ಪಾದರೆ, ಆ ಮಧ್ಯಾಹ್ನ ಬಾಯಿ ಮುಚ್ಚಿಕೊಂಡದ್ದು ಅದಕ್ಕಿಂತ ದೊಡ್ಡದು. ಮೊದಲನೆಯದು ಸಿಟ್ಟಿನಲ್ಲಿ, ನಾಚಿಕೆಯಲ್ಲಿ ಬಂದದ್ದು. ಇದನ್ನು ನಾನು ತಿಳಿದೂ ತಿಳಿದೂ... "ಹೌದಲ್ಲ, ಮರ್ತಿದ್ದೆ" ಅಂದೆ.

ಅವರು ಬಚ್ಚಲಲ್ಲಿ ಬಿದ್ದರು. ಆಮೇಲೆ ಹಾಸಿಗೆ. ನಾನು ಮೈ ಒರೆಸಿದೆ, ಬಟ್ಟೆ ಬದಲಾಯಿಸಿದೆ, ಹುಣ್ಣಾಗದಂತೆ ಮಗ್ಗುಲು ತಿರುಗಿಸಿದೆ, ಅಸಹ್ಯ ಪಟ್ಟುಕೊಳ್ಳಲಿಲ್ಲ. ಸೊಸೆ ಅಂದರೆ ಹೀಗಿರಬೇಕು ಅಂತ ಓಣಿ ಕೊಂಡಾಡಿತು. ಒಂದು ದಿನ ಕಾಲಿಗೆ ಎಣ್ಣೆ ಹಚ್ಚುವಾಗ ಅತ್ತೆ ಅಂದರು, "ಎಣ್ಣಿ ಯಾಕಮ್ಮ ದಂಡ ಮಾಡ್ತಿ. ಕಾಲು ನನ್ನ ಮರ್ತು ಬಿಟ್ಟಾವ." ಆಮೇಲೆ, "ಹೆತ್ತ ಮಗಳೂ ನಿನ್ನಂಗ ಮಾಡ್ತಿದ್ದಿಲ್ಲ" ಅಂದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮಾತು ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಅದೇ ಬೇಸಿಗೆಯಲ್ಲಿ ಹೋದರು. ಕೆಲವು ವರ್ಷದ ಹಿಂದೆ ಯಜಮಾನರೂ ಹೋದರು, ತಾಯಿಯನ್ನು ರಾಣಿಯ ಹಾಗೆ ನೋಡಿಕೊಂಡೆವೆಂಬ ಸಮಾಧಾನದಲ್ಲೇ.

ನಿವೃತ್ತಿಯಾದ ಮೇಲೆ ನನಗೆ ಸಕ್ಕರೆ ಬಾರ್ಡರಿನಲ್ಲಿದೆ ಅಂದರು. ಹೆದರಿದೆ. ಆಗ ನಾನು ಏನು ಮಾಡಿದೆ ಹೇಳಲೇ? ಬಿಸಿಲು ಏರುವ ಮೊದಲೇ ಏಳತೊಡಗಿದೆ. ಗೇಟಿನ ಮುಂದೆ ನಾನೇ ಕಸ ಹೊಡೆದೆ, ಬಗ್ಗಿ ರಂಗೋಲಿ ಹಾಕಿದೆ. ಓಣಿಯ ತಿರುವಿನ ತನಕ ಹೋಗಿ, ಅಲ್ಲಿಂದಾಚೆ ಕೂಡ ನಡೆದೆ. ನೆಲದ ಮೇಲೆ ಕೂತು ಉಂಡೆ, ಇನ್ನೊಂದು ತುತ್ತು ಬೇಕೆನ್ನಿಸುವಾಗಲೇ ಎದ್ದೆ. ದೀಪದ ಹೊತ್ತಿಗೆ ಊಟ ಮುಗಿಸಿದೆ. ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿದೆ. ಅತ್ತೆಯಿಂದ ಒಂದೊಂದಾಗಿ ಕಿತ್ತುಕೊಂಡಿದ್ದನ್ನೆಲ್ಲ ನಾನು ಒಂದೊಂದಾಗಿ ಹಾಕಿಕೊಂಡೆ. ಸಕ್ಕರೆ ಇಳಿಯಿತು. ಬೆಳಿಗ್ಗೆ ಜೊತೆಗೆ ನಡೆಯುವ ಹೆಂಗಸರು, "ಟೀಚರ್‌ದು ಹುಡುಗಿ ನಡಿಗಿ" ಅನ್ನುತ್ತಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆ. ನಮ್ಮ ಮನೆಯಲ್ಲಿ ಅದು ಕಾಲ ಅಲ್ಲ, ಕಾಲು.

ಮುಪ್ಪಿನಲ್ಲಿ ಆರೋಗ್ಯ ಕಾಪಾಡಿಕೊಳ್ಳುವುದು ಹೇಗೆ ಅಂತ ಹಿರಿಯ ಮಹಿಳೆಯರ ಒಂದು ಕೂಟದಲ್ಲಿ ನನ್ನಿಂದ ಭಾಷಣವನ್ನೂ ಮಾಡಿಸಿದರು. ಚೆನ್ನಾಗಿಯೇ ಮಾತಾಡಿದೆ. ಇದನ್ನೆಲ್ಲ ಯಾರಿಂದ ಕಲಿತಿರಿ ಅಂತ ಒಬ್ಬರು ಕೇಳಿದರು. "ನಮ್ಮ ಅತ್ತೆಯಿಂದ" ಅಂದೆ. ಜೋರಾಗಿ ಚಪ್ಪಾಳೆ ತಟ್ಟಿದರು. ಸುಳ್ಳಲ್ಲ ಅದು, ಆದರೂ ಮನೆಗೆ ಬಂದು ಆ ದಿನ ಉಣ್ಣಲಾಗಲಿಲ್ಲ.

ಇಷ್ಟಾದರೂ ಬಾಯಿ ಬಿಡುತ್ತಿರಲಿಲ್ಲವೇನೋ. ಸತ್ತವರ ವಿಷಯ ಸತ್ತವರೊಂದಿಗೆ, ಇನ್ನು ಯಾರಿಗೇನು ಲಾಭ ಅಂತ ಇದ್ದುಬಿಡುತ್ತಿದ್ದೆ. ಗೌರಿಯನ್ನು ನೋಡದಿದ್ದರೆ.

ಕೆಲವು ತಿಂಗಳ ಹಿಂದೆ ಅವಳ ಮೊಮ್ಮಗಳ ತೊಟ್ಟಿಲಿಗೆ ಸಿರುಗುಪ್ಪಕ್ಕೆ ಹೋದೆ. ನನಗಿಂತ ಚಿಕ್ಕವಳು ಗೌರಿ. ಪಡಸಾಲೆಯಲ್ಲಿ ತೋಳಿರುವ ಕುರ್ಚಿ, ಅದರಲ್ಲಿ ಅವಳು. ಮೈ ಊದಿತ್ತು. ನನ್ನನ್ನು ಕಂಡು ಎದ್ದೇಳಲಿಲ್ಲ, ಕೂತಲ್ಲಿಂದಲೇ ಮುಖವೆಲ್ಲ ಅರಳಿಸಿ, "ಬರ್ರಿ ಅತ್ತಿಗಿ, ಕುಂದ್ರಿ, ಕುಂದ್ರಿ" ಅಂದಳು. ತೊಟ್ಟಿಲ ಶಾಸ್ತ್ರವೂ ಅವಳ ಕುರ್ಚಿಯ ಹತ್ತಿರವೇ ನಡೆಯಿತು. ನೀರು, ಊಟ, ಎಲೆ ಅಡಿಕೆ ಎಲ್ಲ ಕೈಗೇ ಬಂತು.

ಅವಳ ಸೊಸೆ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು, "ನೀವರ ಒಂದ್ ಮಾತು ಹೇಳ್ರಿ ದೊಡ್ಡಮ್ಮ. ಡಾಕ್ಟ್ರು ದಿನಾ ಅಡ್ಡಾಡಾಕ ಹೇಳ್ಯಾರ. ಅತ್ತಿ ಕೇಳವಲ್ರು. ಅಜ್ಜಿಗೆ ದೊಡ್ಡ ಡಾಕ್ಟ್ರು ಬ್ಯಾಡಂದಿದ್ರು, ನಮ್ ವಂಶದ ಮಂಡಿನೇ ಅಂಥವು ಅಂತಾರ."

ಪಡಸಾಲೆಯಿಂದ ಗೌರಿಗೆ ಕೇಳಿಸಿತು. "ಅತ್ತಿಗಿನ್ನ ಕೇಳು ಬೇಕಾದ್ರ!" ಅಂತ ಅಲ್ಲಿಂದಲೇ ಕೂಗಿದಳು. "ಅವ್ರ ಮುಂದನ ಹೇಳ್ಯಾರ ಡಾಕ್ಟ್ರು. ಅಮ್ಮ ತಡ ಮಾಡಿ ಕುಂತಳು, ಅದಕ್ಕ ಹಂಗಾತು. ನಾ ಮೊದಲ ಹುಷಾರಾಗೀನಿ. ಹೌದಲ್ರೀ ಅತ್ತಿಗಿ?"

ತಲೆಯಾಡಿಸಿದೆನೇನೋ, ನೆನಪಿಲ್ಲ. ಕುರುಗೋಡಿನ ಮೇಲೆ ಹೋಗುವ ಬಸ್ಸಿನಲ್ಲಿ ವಾಪಸು ಬಂದೆ. ಗುಡ್ಡ ಕಾಣುವ ಹೊತ್ತಿಗೆ ಅಳು ಬಂತು. ಅತ್ತೆಯೊಂದಿಗೆ ಮಣ್ಣಾಯಿತು ಅಂದುಕೊಂಡಿದ್ದ ನನ್ನ ಮಾತು ಸಿರುಗುಪ್ಪದಲ್ಲಿ ಇನ್ನೂ ಬದುಕಿತ್ತು. ತಾಯಿಯ ಕಾಲು ತಿಂದದ್ದು ಸಾಲದೆ ಮಗಳ ಕಾಲಿಗೂ ಬಾಯಿ ಹಾಕಿತ್ತು. ನಿಜವಾದ ಡಾಕ್ಟರ ಮಾತಿಗಿಂತ ನನ್ನ ಸುಳ್ಳು ಡಾಕ್ಟರ ಮಾತೇ ಅವಳಿಗೆ ದೊಡ್ಡದಾಗಿತ್ತು.

ಮನೆಗೆ ಬಂದು ಫೋನಿನಲ್ಲಿ, ಡಾಕ್ಟರು ಹೇಳಿದಂತೆ ನಡೆ ಗೌರಿ, ಅಂತ ಬುದ್ಧಿ ಹೇಳಿ ನೋಡಿದೆ. ಕಳ್ಳದಾರಿ ಅದು, ನನಗೆ ಗೊತ್ತು. "ಅಮ್ಮನ್ನ ನೋಡಿಯೂ ಹಿಂಗಂತೀರಲ್ಲ ಅತ್ತಿಗಿ" ಅಂತ ಅವಳು ನಕ್ಕಳು. ಬುದ್ಧಿಮಾತು ಸಾಲುವುದಿಲ್ಲ, ಹೇಳಲೇಬೇಕು ಅಂತ ಆಗ ತಿಳಿಯಿತು. ಆದರೂ ದಿನ ತಳ್ಳಿದೆ. ಮೊನ್ನೆ ಅವಳ ಸೊಸೆ ಫೋನು ಮಾಡಿ, ಬಚ್ಚಲಿಗೆ ಹೋಗುವಾಗ ಅತ್ತೆಯ ಕಾಲು ನಡುಗುತ್ತವೆ, ಈಗ ನಾನೇ ಹಿಡಿದುಕೊಂಡು ಹೋಗುತ್ತೇನೆ ಅಂದಳು. ಮರುದಿನ ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ.

ಗೌರಿ ಕುರ್ಚಿಯಲ್ಲಿದ್ದಳು. ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲ ಬಳಿ ನಿಂತಿದ್ದಳು. "ಬರ್ರಿ ಅತ್ತಿಗಿ, ಏನ್ ಹಿಂಗ ಅಚಾನಕ್? ಕುಂದ್ರಿ."

ಕೂತೆ. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿ ಮತ್ತೆ ಎದ್ದು ನಿಂತೆ.

"ಗೌರಿ, ಡಾಕ್ಟ್ರು ಹಂಗ ಹೇಳಿದ್ದಿಲ್ಲ. ಅಡ್ಡಾಡಿಸ್ರಿ ಅಂದಿದ್ರು. ಬ್ಯಾಡಂತ ಹೇಳಿದಾಕಿ ನಾನು. ನಿಮ್ಮಮ್ಮ ಓಣಿ ಕಸ ಹೊಡೀತಾಳಂತ ನನಗ ನಾಚಿಕಿ ಆಗಿತ್ತು. ಮನ್ಯಾಗ ಕುಂದ್ರಿಸಾಕ ಸುಳ್ಳು ಹೇಳ್ದೆ."

ಇಷ್ಟು ವರ್ಷ ಹೊತ್ತದ್ದು ಇಷ್ಟೇ ಮಾತಿನಲ್ಲಿ ಮುಗಿದುಹೋಯಿತು. ಅವಳಿಗೆ ಮೊದಲು ಅರ್ಥವಾಗಲಿಲ್ಲ. ತಮಾಷೆಯೇನೋ ಅನ್ನುವ ಹಾಗೆ ಸೊಸೆಯ ಮುಖ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಆಮೇಲೆ ಅವಳ ಮುಖದಲ್ಲಿದ್ದ ನಗು ಹೋಯಿತು. ಒಂದೇ ಮಾತು ಕೇಳಿದಳು.

"ಅಮ್ಮಗ ಗೊತ್ತಾಗಿತ್ತಾ?"

"ಇಲ್ಲ."

ಕ್ಷಮಿಸು ಅನ್ನುವುದಕ್ಕೆ ಬಾಯಿ ತೆರೆದೆ. ಅವಳು ಕೈ ಎತ್ತಿ ತಡೆದಳು. ಕುರ್ಚಿಯ ಎರಡೂ ತೋಳು ಹಿಡಿದು, ಹಲ್ಲು ಕಚ್ಚಿ, ಏಳಲು ನೋಡಿದಳು. ಮೊದಲ ಸಲ ಆಗಲಿಲ್ಲ, ಎರಡನೆಯ ಸಲ ಎದ್ದಳು. ಸೊಸೆ ಗಾಬರಿಯಿಂದ "ಅತ್ತಿ, ಕುಂದ್ರಿ, ಕುಂದ್ರಿ" ಅಂತ ಓಡಿ ಬಂದಳು. "ಆ ಮಾತು ಅನಬ್ಯಾಡ" ಅಂದಳು ಗೌರಿ. ಗೋಡೆಗೆ ಕೈಕೊಟ್ಟು ಒಂದೊಂದೇ ಹೆಜ್ಜೆ ಇಡುತ್ತ ಒಳಗೆ ಹೋದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಒಳಗೆ ಅವಳು ನಡೆಯುವುದು ಕೇಳುತ್ತಿತ್ತು. ಕಾಲು ಎಳೆಯುವ ಸದ್ದು, ನಿಲ್ಲುವುದು, ಮತ್ತೆ ಎಳೆಯುವ ಸದ್ದು. ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಅಳುತ್ತಿದ್ದಳೋ ಏನೋ, ತಿಳಿಯಲಿಲ್ಲ. ಸೊಸೆ ಮಗುವನ್ನು ಎತ್ತಿಕೊಂಡು ಅವಳ ಹಿಂದೆ ಹೋದಳು.

ನಾನು ಪಡಸಾಲೆಯಲ್ಲಿ ನಿಂತೇ ಇದ್ದೆ. ಕುರ್ಚಿ ಖಾಲಿಯಿತ್ತು. ಗೌರಿಯ ಮನೆಯಲ್ಲಿ ಮೊದಲ ಸಲ, ನಿಂತಿದ್ದ ನನಗೆ ಯಾರೂ ಮತ್ತೆ ಕುಂದ್ರಿ ಅನ್ನಲಿಲ್ಲ.